ನಾಲ್ಕು ಬಾಗಿಲುಗಳ ಬಸದಿ

ಆ ಭಾನುವಾರ ಬೆಳಿಗ್ಗೆಯೂ ಅಮ್ಮ ನೀರುದೋಸೆ ಎರೆಯುತ್ತಿದ್ದರು, ನಾನು ಮಡಚಿ ತಟ್ಟೆಗೆ ಹಾಕುತ್ತಿದ್ದೆ. ಮಸ್ಕತ್ತಿನಿಂದ ರಜೆಗೆ ಬಂದಿದ್ದ ಅಪ್ಪ ಕಾಯಿಬೆಲ್ಲ ಬಡಿಸಿದಾಗ, ಕಾನ್ವೆಂಟಿನಲ್ಲಿ ಕಲಿಸಿದಂತೆ "ಥ್ಯಾಂಕ್ಯೂ" ಎಂದೆ. ಅವರು ಬಂದು ಹದಿನೈದು ದಿನವಾಗಿದ್ದರೂ "ಅಪ್ಪ" ಎಂದು ಕರೆಯಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ.

"ಒಮ್ಮೆ ಕರೆದರೆ ಎಂತ ಆಗ್ತದೆ ನಿಂಗೆ?" ಎಂದು ಅಮ್ಮ ಗದರಿದರು.

"ಬಿಡು, ಬಲವಂತ ಬೇಡ" ಎಂದರು ಅಪ್ಪ, ದೋಸೆಯನ್ನೇ ನೋಡುತ್ತಾ.

ಆಮೇಲೆ ಮೂವರೂ ಬೆಳ್ಮಣ್ಣಿನಿಂದ ಬಸ್ಸು ಹತ್ತಿ ಕಾರ್ಕಳ ನೋಡಲು ಹೋದೆವು. ಗೊಮ್ಮಟಬೆಟ್ಟ ಇಳಿದು ಎದುರಿನ ಚತುರ್ಮುಖ ಬಸದಿಗೆ ಬಂದಾಗ ಮಧ್ಯಾಹ್ನ. ಬಿಸಿಲಿಗೆ ಕಾದ ಕಲ್ಲಿನ ವಾಸನೆ ಬಂದರೆ ನಾನು ಇಂದಿಗೂ ಆ ಕಂಬಗಳ ನೆರಳಿನಲ್ಲಿರುತ್ತೇನೆ. ನಾಲ್ಕೂ ದಿಕ್ಕಿನಿಂದ ಬೆಳಕು ಒಳಗೆ ತೇಲಿ ಬರುತ್ತಿತ್ತು. ಕಂಬದ ಕಲ್ಲುಹೂವುಗಳನ್ನು ಬೆರಳಿನಿಂದ ಸವರುತ್ತಾ ಸುತ್ತಿ, ಕೊನೆಗೆ ಹೊರಗೆ ಬಂದೆ. ಮೆಟ್ಟಿಲ ಬಳಿ ನಮ್ಮ ಚಪ್ಪಲಿಗಳಿರಲಿಲ್ಲ. ನಾಲ್ಕು ಬಾಗಿಲೂ ಒಂದೇ ತರಹ ಇವೆಯೆಂದು ಆಗ ಹೊಳೆಯಲಿಲ್ಲ. ನನ್ನನ್ನು ಬಿಟ್ಟು ಹೊರಟೇ ಹೋದರು ಎಂದುಕೊಂಡು, "ಅಪ್ಪಾ" ಎಂದು ಕೂಗಿದೆ.

ಅವರು ಮೂಲೆ ತಿರುಗಿ ಬರಿಗಾಲಲ್ಲೇ ಓಡಿಬಂದರು. ಕಲ್ಲು ಸುಡುತ್ತಿದ್ದರೂ ಅಲುಗದೆ ನಿಂತು ಕೇಳಿದರು, "ಎಂತ ಹೇಳಿದ್ದು? ಇನ್ನೊಮ್ಮೆ ಹೇಳು."

ಸಂಜೆ ಅಂಗಳದಲ್ಲಿ ನಾನು "ಅಪ್ಪಾ, ಅಪ್ಪಾ" ಎಂದು ಅವರ ಹಿಂದೆಯೇ ಸುತ್ತುತ್ತಿದ್ದೆ. ಪಕ್ಕದ ಮನೆಯ ಗುಲಾಬಿಯಕ್ಕ ಮಲ್ಲಿಗೆ ಕಟ್ಟುತ್ತಾ ಅಮ್ಮನಿಗೆ ಹೇಳಿದರು, "ಇವಳು ಕರೆಯದಿದ್ದದ್ದೇ ಒಳ್ಳೆಯದಿತ್ತು ಮಾರಾಯ್ತಿ. ಬರುವ ವಾರ ಅವರು ಹೊರಡುವುದು ಹೇಗೆ ಇನ್ನು?"