ಬದುವಿನ ಸೊಪ್ಪು

ಅಣ್ಣೆ ಸೊಪ್ಪಿನ ಕುಡಿ ಚಿವುಟಲು ಹೋದ ಶಿವರತ್ನಮ್ಮನ ಬೆರಳು ಅಲ್ಲೇ ನಿಂತಿತು. ಎಲೆಯ ಅಂಚು ಬೆಂಕಿ ಸೋಕಿದಂತೆ ಸುರುಟಿಕೊಂಡಿತ್ತು. ಪಕ್ಕದ ಕಿರಕಸಾಲೆಯೂ ಹಾಗೆಯೇ. ಅದರಾಚೆಯ ಗೋಣಿ ಸೊಪ್ಪು ಹಳದಿಯಾಗಿ ನೆಲಕ್ಕಂಟಿ ಮಲಗಿತ್ತು. ಮಡಿಲಿಗೆ ಹಾಕಿಕೊಂಡಿದ್ದ ನಾಲ್ಕು ಕುಡಿಗಳನ್ನು ಆಕೆ ಕೊಡವಿ ಕೆಳಗೆ ಚೆಲ್ಲಿದಳು. ಇನ್ನು ಮೂರು ಗಂಟೆಯಲ್ಲಿ ಜಿಲ್ಲೆಯ ದೊಡ್ಡ ಅಧಿಕಾರಿಣಿ ಇದೇ ಹೊಲದಲ್ಲಿ ಕೂತು ಬೆರಕೆ ಸೊಪ್ಪಿನ ಸಾರು ಉಣ್ಣುವವರಿದ್ದರು.

ಮಗಳ ಮನೆಗೆಂದು ಹನೂರಿಗೆ ಹೋದವಳು ಐದು ದಿನ ಉಳಿದು, ನಿನ್ನೆ ದೀಪ ಹಚ್ಚುವ ಹೊತ್ತಿಗಷ್ಟೇ ಊರಿಗೆ ಮರಳಿದ್ದಳು. ರೋಗ ತಗುಲಿದ್ದರೆ ಅಲ್ಲೊಂದು ಇಲ್ಲೊಂದು ತೇಪೆಯಾಗಿ ಕಾಣಬೇಕಿತ್ತು. ಇದು ದಾರ ಹಿಡಿದು ಗೆರೆ ಎಳೆದಂತಿತ್ತು. ಆ ಗೆರೆಯ ಜಾಡು ಹಿಡಿದು ನಡೆದಳು. ಯಳಂದೂರು ರಸ್ತೆಯ ಡಾಂಬರಿನಂಚಿನಲ್ಲಿ ಹುಟ್ಟಿದ ಸಾವು ಕಾಲುವೆ ಏರಿಯ ಮೇಲೆ ಸಾಗಿ, ಅವಳ ಅರಿಶಿನದ ಹೊಲದ ಬದು ಹತ್ತಿ, ‘ಸಾವಯವ ಕ್ಷೇತ್ರೋತ್ಸವ’ ಎಂದು ಬ್ಯಾನರ್ ಕಟ್ಟಿದ್ದ ಶಾಮಿಯಾನದ ಮೊದಲ ಕಂಬಕ್ಕೆ ಬಂದು ನಿಂತಿತ್ತು. ಅಲ್ಲಿಂದ ಒಂದು ಗೇಣು ಆಚೆಗೆ ಗರಿಕೆ ನಗುನಗುತ್ತಿತ್ತು. ಬದುವಿನ ಮಗ್ಗುಲಿನ ಎರಡು ಸಾಲು ಅರಿಶಿನದ ಎಲೆಗಳ ಮೇಲೂ ಬಿಳಿ ಚುಕ್ಕೆಗಳು ಬಿದ್ದಿದ್ದವು.

ಕಂಬದ ಬುಡದಲ್ಲಿ ಕುರ್ಚಿ ಎಣಿಸುತ್ತಿದ್ದ ಶಾಂತಮೂರ್ತಿಯನ್ನು ಆಕೆ ಹೆಸರು ಹಿಡಿದೇ ಕೂಗಿದಳು. ಅವನು ಐದು ಮನೆಗಳ ಸಾವಯವ ಗುಂಪಿನ ಅಧ್ಯಕ್ಷ. ಮೂರು ವರ್ಷದ ಹಿಂದೆ ಮನೆಮನೆಗೆ ಬಂದು, ಯೂರಿಯಾದ ಚೀಲ ಮುಟ್ಟುವುದಿಲ್ಲವೆಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದವನೂ ಅವನೇ. ಮೊದಲು ತನಗೇನೂ ತಿಳಿಯದೆಂದ. ಆಕೆ ಕದಲದಿದ್ದಾಗ ದನಿ ಇಳಿಸಿದ. ದೊಡ್ಡವರು ನಡೆದು ಬರುವ ದಾರಿ, ಹಾವು ಗೀವು ಇದ್ದರೆ ಕಷ್ಟವೆಂದು ತಾನೇ ಪಂಚಾಯಿತಿಗೆ ಹೇಳಿದ್ದನಂತೆ. ಕುಡುಗೋಲಿನ ಆಳು ಬರುತ್ತಾರೆಂದು ಕಾದರೆ, ಅವರು ಕಳೆನಾಶಕದ ಕ್ಯಾನು ಹೊತ್ತು ಬಂದರಂತೆ. ಬೇಡವೆನ್ನುವಷ್ಟರಲ್ಲಿ ಅರ್ಧ ಬದು ಮುಗಿದಿತ್ತಂತೆ.

“ಉಳಿದರ್ಧ ಒಡೆಯೋವಾಗ ನೀನೆಲ್ಲಿದ್ದೆಲಾ?” ಎಂದಳು ಶಿವರತ್ನಮ್ಮ.

ಅವನು ಮತ್ತೆ ಮೊದಲಿನಿಂದ ಕುರ್ಚಿ ಎಣಿಸತೊಡಗಿದ.

ಅಷ್ಟರಲ್ಲಿ ಸಾವಯವ ಯೋಜನೆಯ ಅಧಿಕಾರಿ ಷಡಕ್ಷರಿ ಕಾಗದದ ಕಟ್ಟು ಹಿಡಿದು ಬಂದ. ಸುಟ್ಟ ಬದುವನ್ನು ಕಂಡೊಡನೆ ಅವನಿಗೆ ಎಲ್ಲವೂ ಅರ್ಥವಾಯಿತು. ಆದರೆ ಅವನ ಮೊದಲ ನೋಟ ಬಿದ್ದದ್ದು ಗಡಿಯಾರದ ಮೇಲೆ. ಒಣಗಿದ್ದನ್ನೆಲ್ಲ ಕೆರೆದು ಗುಡಿಸಿ ಕಾಲುವೆಯಾಚೆ ತಳ್ಳಲು ಇಬ್ಬರು ಆಳುಗಳಿಗೆ ಹೇಳಿ, ಒಂದು ಹಾಳೆಯನ್ನು ಶಿವರತ್ನಮ್ಮನ ಮುಂದೆ ಚಾಚಿದ. ಮೂರು ವರ್ಷದಿಂದ ಈ ಜಮೀನಿಗೆ ಯಾವ ರಾಸಾಯನಿಕವೂ ಸೋಕಿಲ್ಲವೆಂಬ ಘೋಷಣೆ ಅದು. ಅದಕ್ಕೆ ಸಹಿ ಬಿದ್ದರೆ ಇಡೀ ಗುಂಪಿಗೆ ಇಂದೇ ಸಾವಯವ ಸರ್ಟಿಫಿಕೇಟು. ಬೀಳದಿದ್ದರೆ ಐದೂ ಮನೆಯದು ರದ್ದು. ಮತ್ತೆ ಮೊದಲ ವರ್ಷದಿಂದ ಎಣಿಕೆ.

ಆಕೆ ಹೇಳಿದಳು: ಸರಿ, ಸೋಕಿದೆ ಎಂದೇ ಬರೆಯಿರಿ, ಸೋಕಿಸಿದವರು ಯಾರೆಂಬುದನ್ನೂ ಬರೆಯಿರಿ.

“ಅದಕ್ಕೆ ಕಾಲಂ ಇಲ್ಲಮ್ಮ,” ಎಂದ ಷಡಕ್ಷರಿ. “ಯಾರೇ ಹೊಡೆದಿರಲಿ, ಅಲ್ಲಿ ಬರೋದು ರೈತರ ಹೆಸರು ಮಾತ್ರ. ಒಂದು ಸಲ ಹೊಡೆದದ್ದಕ್ಕೆ ಏನೂ ಆಗಲ್ಲ, ಎರಡು ಮಳೆಗೆ ತೊಳೆದುಹೋಗುತ್ತೆ. ಸಹಿ ಹಾಕಿ.”

“ಏನೂ ಆಗಕಿಲ್ವಾ ಸಾ?” ಶಿವರತ್ನಮ್ಮ ಬಗ್ಗಿ, ಸುರುಟಿದ ಅಣ್ಣೆ ಸೊಪ್ಪನ್ನು ಹಿಡಿ ತುಂಬ ಕಿತ್ತಳು. “ಅಂಗಾರೆ ಇದ್ನೇ ಬೇಯಿಸ್ತೀನಿ. ಮೊದ್ಲು ನಿಮ್ಮೆಲೆಗೇ ಬಡಿಸ್ತೀನಿ. ನೀವುಂಡು ಕೈ ತೊಳೀರಿ, ನಾನು ಸಯಿ ಆಕ್ತೀನಿ.”

ಷಡಕ್ಷರಿ ಒಂದು ಹೆಜ್ಜೆ ಹಿಂದೆ ಸರಿದ. ಶಾಂತಮೂರ್ತಿ ಮುಂದೆ ಬಂದು ಕೈ ಮುಗಿದ. ಇಳುವರಿ ಅರ್ಧಕ್ಕಿಳಿದಾಗಲೂ, ಊರೆಲ್ಲ ಹುಚ್ಚರೆಂದು ಆಡಿಕೊಂಡಾಗಲೂ ಹಲ್ಲು ಕಚ್ಚಿ ನಿಂತ ಉಳಿದ ನಾಲ್ಕು ಮನೆಯವರು ಶಾಮಿಯಾನದಲ್ಲಿ ಕೂತಿದ್ದಾರೆ, ಅವರ ಮುಖ ನೋಡೆಂದ. ಆಕೆ ನೋಡಿದಳು. ಮುಂದಿನ ಸಾಲಿನಲ್ಲಿ ಚನ್ನಮಲ್ಲಮ್ಮ ಹೊಸ ಸೀರೆಯುಟ್ಟು, ಸರ್ಟಿಫಿಕೇಟು ಈಸಿಕೊಳ್ಳಲು ಈಗಲೇ ಸಿದ್ಧಳಾದಂತೆ ನೆಟ್ಟಗೆ ಕೂತಿದ್ದಳು. ಶಿವರತ್ನಮ್ಮ ಹಾಳೆಯನ್ನು ಮಡಿಸಿ ಕೈಯಲ್ಲಿ ಹಿಡಿದಳು. ಸಹಿ ಹಾಕಲಿಲ್ಲ, ಹಿಂದಿರುಗಿಸಲೂ ಇಲ್ಲ.

ಜೀಪು ಬಂದು ನಿಂತದ್ದು ಹೇಳಿದ ಹೊತ್ತಿಗೇ. ಅಧಿಕಾರಿಣಿ ಇಳಿದು, ಕೆರೆದು ಗುಡಿಸಿದ್ದ ಬದುವಿನ ಮೇಲೆ ಹುಷಾರಾಗಿ ಕಾಲಿಟ್ಟು ನಡೆದು ಬಂದರು. ಹಿಂದೆ ಫೋಟೋದವರು, ಮುಂದೆ ಹಿಮ್ಮುಖವಾಗಿ ದಾರಿ ತೋರುತ್ತ ಷಡಕ್ಷರಿ. ಹೊಲದ ಒಡತಿ ಈಕೆಯೇ ಎಂದು ಅವನು ಪರಿಚಯಿಸಿದಾಗ ಅವರು ನಿಂತು, ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿ, ನಿಜವಾಗಿಯೇ ಮೆಚ್ಚಿದ ದನಿಯಲ್ಲಿ ಕೇಳಿದರು:

“ಔಷಧಿ ಮುಟ್ಟದೆ ಬದುವನ್ನ ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಲ್ಲಮ್ಮ, ಒಂದು ಕಳೆಯೂ ಇಲ್ಲ. ಏನು ಮಾಡ್ತೀರಿ?”

ಷಡಕ್ಷರಿಯ ನಗು ಮುಖದ ಮೇಲೆಯೇ ಗಟ್ಟಿಯಾಯಿತು. ಶಾಂತಮೂರ್ತಿ ನೆಲ ನೋಡಿದ. ಶಿವರತ್ನಮ್ಮ ಶಾಮಿಯಾನದ ಮುಂದಿನ ಸಾಲನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಸಹಿಯಿಲ್ಲದ ಹಾಳೆಯನ್ನು ಬಿಡಿಸಿ ಅಧಿಕಾರಿಣಿಯ ಕೈಗಿಟ್ಟಳು.

“ನಾವೇನೂ ಮಾಡಕಿಲ್ಲ ಕಣ್ರವ್ವಾ. ನೀವು ಬತ್ತೀರಿ ಅಂತ ಪಂಚಾಯ್ತಿಗೆ ಯೋಳ್ತೀವಿ, ಅಷ್ಟೇಯ.”