ನಾಲ್ಕನೆಯ ನಂಬರಿನ ಸೊನ್ನೆ

"ಆ ಹಾಳೆ ಒಂದು ಸಲ ವಾಪಸ್ ಕೊಡಪ್ಪ," ಎಂದರು ಕೊಳಲು ಮೇಷ್ಟ್ರು.

ಸಂಗೀತ ಶಾಲೆಯ ಗುಮಾಸ್ತ ತಲೆ ಎತ್ತಿದ. "ಯಾವ ಹಾಳೆ ಮೇಷ್ಟ್ರೇ?"

"ನಿನ್ನೆ ಅಂಕ ಹಾಕಿದ್ನಲ್ಲ, ಅದು. ನಾಲ್ಕನೇ ನಂಬರಿನದು."

ಗುಮಾಸ್ತ ಗೋಡೆಯ ಗಡಿಯಾರ ನೋಡಿದ. ಹನ್ನೊಂದೂವರೆ. ಹನ್ನೆರಡಕ್ಕೆ ಆಯ್ಕೆಪಟ್ಟಿ ಬಾಗಿಲ ಮೇಲಿರಬೇಕು. "ಆ ಮಗುಗೆ ನೀವು ಹಾಕಿರೋದು ಸೊನ್ನೆ. ಮೂವರಲ್ಲಿ ಒಬ್ಬರು ಸೊನ್ನೆ ಹಾಕಿದ್ರೂ ಹೊರಗೆ. ಆ ನಿಯಮ ಮಾಡಿದೋರೇ ನೀವು!"

ಭಾರಿ ಗಂಟಲು ಇವನದು. ಮೇಷ್ಟ್ರಿಗೆ ಅದಕ್ಕೇ ಇವನನ್ನು ಕಂಡರೆ ಇಷ್ಟ. ಈಗಿನವರೆಲ್ಲ ಮಾತನ್ನು ಬಾಯೊಳಗೇ ಅರ್ಧ ನುಂಗುತ್ತಾರೆ, ಇಡೀ ಕಟ್ಟಡದಲ್ಲಿ ಬಾಯಿಬಿಟ್ಟು ಮಾತಾಡುವವನು ಇವನೊಬ್ಬನೇ ಎಂದು ಎಲ್ಲರೆದುರೂ ಹೇಳುತ್ತಿದ್ದರು.

"ತಪ್ಪು ಮಾಡಿಬಿಟ್ಟೆ ಕಣಪ್ಪ," ಎಂದವರು ಕುರ್ಚಿ ಎಳೆದುಕೊಂಡು ಕೂತರು.

ತಪ್ಪು ಸಣ್ಣದೇನಲ್ಲ. ಇದ್ದದ್ದು ಒಂದೇ ಸೀಟು. ಯಾವ ವಾದ್ಯವಾದರೂ ಸರಿ, ಧ್ವನಿಮುದ್ರಣ ಕಳಿಸಬೇಕು. ಹೆಸರಿಲ್ಲ, ಬರೀ ನಂಬರು. ಪರೀಕ್ಷಕರು ಒಬ್ಬೊಬ್ಬರೇ ಕೂತು ಕೇಳಬೇಕು. ನಾಲ್ಕನೆಯದು ಶುರುವಾದ ಕೂಡಲೇ ಮೇಷ್ಟ್ರಿಗೆ ಗುರುತು ಹತ್ತಿತು. ಧಬ್. ಧಬ್. ಧಬಧಬ್. ಆರು ತಿಂಗಳಿಂದ ಸಂಜೆಯಾದರೆ ಸಾಕು, ತಮ್ಮ ತಲೆಯ ಮೇಲೆ, ಮಹಡಿಯ ಕೋಣೆಯಲ್ಲಿ ಕುಟ್ಟುವ ಅದೇ ಸದ್ದು. ಮೊಮ್ಮಗಳದು!

ಪಕ್ಕದಲ್ಲಿ ಕೂರಿಸಿಕೊಂಡು ಆರು ವರ್ಷ ಕೊಳಲು ಕಲಿಸಿದ್ದ ಹುಡುಗಿ. "ಇನ್ಮೇಲೆ ನಾನೇ ಅಭ್ಯಾಸ ಮಾಡ್ಕೋತೀನಿ ತಾತ," ಎಂದು ಒಂದು ದಿನ ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು. ಮಂಡಿನೋವಿನ ಮೇಷ್ಟ್ರು ಮೆಟ್ಟಿಲು ಹತ್ತಲಾರರು. ಮೊದಮೊದಲು ಕೊಳಲು ಕೆಳಗೆ ಕೇಳುತ್ತಿತ್ತು. ವರ್ಷಗಳು ಕಳೆದಂತೆ ತೆಳುವಾಯಿತು, ಕೊನೆಗೆ ನಿಂತೇಹೋಯಿತು. ಆಮೇಲೆ ಈ ಧಬಧಬ. "ಏನಮ್ಮಾ ಇದು, ಹಿಟ್ಟು ಕುಟ್ಟಿದ ಹಾಗೆ?" ಎಂದು ಕೇಳಿದ್ದಕ್ಕೆ ಅವಳು ನಗುತ್ತ ಏನೋ ಗೊಣಗಿದಳು. ಕೊನೆಯದಷ್ಟೇ ಇವರ ಕಿವಿಗೆ ಬಿತ್ತು: "ಬೇರೆ ಥರದ್ದು, ತಾತ."

ಬೇರೆ ಥರದ್ದಂತೆ! ಸೊಸೆಯ ಹತ್ತಿರ ಹೇಳಿಕೊಂಡರೆ ಅವಳು ಕೇಳಿಸಿಕೊಂಡರೆ ತಾನೇ. ಅವಳದು ಒಂದೇ ರಾಗ, ಅರ್ಧ ಗಂಟೆಯಿಂದ ಕರೆಗಂಟೆ ಒತ್ತುತ್ತಿದ್ದೆ, ಬಾಗಿಲು ತೆಗೆಯಬಾರದಿತ್ತೇ ಎಂದು. ಕೆಟ್ಟ ಗಂಟೆ ರಿಪೇರಿ ಮಾಡಿಸುವುದು ಬಿಟ್ಟು ಇವರ ಮೇಲೆ ಗೂಬೆ ಕೂರಿಸುವುದು.

ನಿನ್ನೆ ಆ ಸಿಟ್ಟೆಲ್ಲ ಪೆನ್ನಿಗೆ ಇಳಿಯಿತು. ಅರ್ಧ ನಿಮಿಷ ಕೇಳಿದರೋ ಇಲ್ಲವೋ, 'ಇದು ಸಂಗೀತವಲ್ಲ' ಎಂದು ಬರೆದು ಸೊನ್ನೆ ಸುತ್ತಿದರು. ಉಳಿದಿಬ್ಬರು ಪರೀಕ್ಷಕರು ಹತ್ತಕ್ಕೆ ಒಂಬತ್ತು ಹಾಕಿದ್ದು ಕಂಡು, ಈ ಪುಣ್ಯಾತ್ಮರಿಗೆ ಕಿವಿಯೇ ಇಲ್ಲವೇ ಎಂದು ನಕ್ಕಿದ್ದರು ಕೂಡ.

ನಗು ಬೆಳಗ್ಗೆ ಇಳಿಯಿತು. ಮೊಮ್ಮಗಳು ಎದುರು ಕೂತು ಅವರ ಎರಡೂ ಕೈ ಹಿಡಿದುಕೊಂಡಳು. "ಇವತ್ತು ಪಟ್ಟಿ ಹಾಕ್ತಾರೆ ತಾತ. ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತೆ. ಸಿಗದಿದ್ರೆ ಏನ್ಮಾಡ್ಲಿ?"

"ಸಿಗುತ್ತಮ್ಮ," ಎಂದುಬಿಟ್ಟರು. ಕಾಫಿ ಲೋಟ ಅಲ್ಲೇ ಬಿಟ್ಟು ಶಾಲೆಗೆ ಹೊರಟರು. ಆ ಸೊನ್ನೆ ಸಂಗೀತಕ್ಕೆ ಹಾಕಿದ್ದಲ್ಲ. ತಮ್ಮ ಕೊಳಲನ್ನು ಬಿಟ್ಟವಳಿಗೆ ಹಾಕಿದ್ದು. ಬರೀ ಹೊಟ್ಟೆಯುರಿ. ತಾತ ಎನ್ನಿಸಿಕೊಂಡವನು ಮಾಡುವ ಕೆಲಸವೇ ಇದು?

ಅವಳು ತಮ್ಮ ಮೊಮ್ಮಗಳೆಂದೂ, ಸಿಟ್ಟಿಗೆ ಸೊನ್ನೆ ಹಾಕಿದೆನೆಂದೂ ಗುಮಾಸ್ತನೆದುರು ಕಕ್ಕಿದರು. ಅವನು ಹಣೆ ಚಚ್ಚಿಕೊಂಡ.

"ಅಯ್ಯೋ ಮೇಷ್ಟ್ರೇ! ಸ್ವಂತ ಮೊಮ್ಮಗಳಾದ್ರೆ ನೀವು ಅಂಕ ಹಾಕೋ ಹಾಗೇ ಇರ್ಲಿಲ್ಲ. ಕಾರಣ ಬರೆದು ಸಹಿ ಹಾಕಿ, ನಿಮ್ಮ ಸೊನ್ನೆ ತೆಗೀತೀನಿ. ಬೇಗ!"

"ಬರೀತೀನಿ. ಅದಕ್ಕೆ ಮೊದಲು ಒಂದು ಸಲ ಕೇಳಿಸು. ಕೇಳದೇ ಬೈದೆ. ಕೇಳದೇ ಕ್ಷಮೆ ಕೇಳಿದ್ರೆ ಅದೂ ಸುಳ್ಳೇ ಆಗುತ್ತೆ."

ಗುಮಾಸ್ತ ಮೇಜಿನ ಮೇಲಿನ ಸ್ಪೀಕರಿಗೆ ಹಚ್ಚಿದ. ಮೇಷ್ಟ್ರು ಕಣ್ಣು ಮುಚ್ಚಿದರು. ಕೊಳಲು ಹುಡುಕಬೇಡ, ಇರುವುದನ್ನು ಕೇಳು ಎಂದು ತಮಗೆ ತಾವೇ ಗದರಿಕೊಂಡರು.

ಧಬ್. ಆಮೇಲೆ ಮೌನ. ಎಷ್ಟುದ್ದದ ಮೌನ! ಧಬ್. ಧಬಧಬ್. ಮತ್ತೆ ಮೌನ. ಮೊದಲು ಒರಟೆನಿಸಿತು. ನಿಧಾನವಾಗಿ ಒಂದು ನಡಿಗೆ ಹಿಡಿಯಿತು. ಡ್ರಮ್ಮು ಯಾರಿಗೋ ದಾರಿ ಬಿಡುತ್ತಿತ್ತು, ಯಾರಿಗೋ ಕಾಯುತ್ತಿತ್ತು. ಮೌನವನ್ನು ಹೀಗೆ ಹಿಡಿದು ನಿಲ್ಲಿಸುವ ಎದೆ ಈ ಕೂಸಿಗೆ ಎಲ್ಲಿಂದ ಬಂತು? ಐವತ್ತು ವರ್ಷ ಊದಿದ ತಮಗೇ ಬರಲಿಲ್ಲವಲ್ಲ!

ಕಣ್ಣು ತೆರೆದರೆ ಗುಮಾಸ್ತ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಡ್ರಮ್ಮು ಕೇಳಿ ಅಳುವವರೂ ಉಂಟೇ ಎಂದು ನಿನ್ನೆಯಾಗಿದ್ದರೆ ಗೇಲಿ ಮಾಡುತ್ತಿದ್ದರು. ಇಂದು ಅವರ ಕಣ್ಣೂ ತುಂಬಿತ್ತು. ನಾಚಿಕೆಗೆ ಅರ್ಧ, ಹೆಮ್ಮೆಗೆ ಅರ್ಧ.

ಪೆನ್ನು ತೆಗೆದು ಒಂದೇ ಉಸಿರಿಗೆ ಬರೆದರು: 'ನಾಲ್ಕನೆಯ ಅಭ್ಯರ್ಥಿ ನನ್ನ ಮೊಮ್ಮಗಳು. ಕೊಳಲು ಬಿಟ್ಟು ಡ್ರಮ್ಮು ಹಿಡಿದಳೆಂಬ ಸಿಟ್ಟಿಗೆ ಸೊನ್ನೆ ಹಾಕಿದೆ. ನನ್ನ ಅಂಕ ರದ್ದಾಗಲಿ. ಬರೀ ಡ್ರಮ್ಮೂ ಸಂಗೀತವೇ ಎಂದು ಇಂದು ಅವಳಿಂದ ಕಲಿತೆ.' ಸಹಿ ಹಾಕಿದರು. ಎದೆಯ ಮೇಲಿನ ಭಾರ ಇಳಿಯಿತು.

ಗುಮಾಸ್ತ ಸೊನ್ನೆಗೆ ಅಡ್ಡಗೆರೆ ಎಳೆದ, ಪಟ್ಟಿಯ ಮೊದಲ ಸಾಲಿನಲ್ಲಿ ನಾಲ್ಕು ಎಂದು ಬರೆದ. ಆಮೇಲೆ ಕಾರಣ ಓದಿದ. ಇನ್ನೊಂದು ಸಲ ಓದಿದ. ಎದ್ದು ಬಂದು ಮೇಷ್ಟ್ರ ಪಕ್ಕ ಮೊಣಕಾಲೂರಿ ಕೂತ.

"ಡ್ರಮ್ಮು ಬರೀ ಹಿನ್ನೆಲೆಗೆ ಹಾಕ್ಕೊಂಡಿರೋ ರೆಕಾರ್ಡು ಮೇಷ್ಟ್ರೇ," ಎಂದ. "ಮಗು ಮೊದಲಿಂದ ಕೊನೇ ತನಕ ಕೊಳಲು ಊದಿದೆ, ಥೇಟ್ ನಿಮ್ಮ ಹಾಗೇ. ನಿಮಗೆ ಕೇಳಿಸ್ಲಿಲ್ವಾ?"