ಮೂವತ್ತೆಂಟನೇ ದಿನದ ಪರದೆ

ಬೆಳಿಗ್ಗೆ ಎದ್ದವನೇ ಭಾನುಪ್ರಕಾಶ ಮಗ್ಗದ ನಟ್ಟನಡುವೆ ಒಂದು ಹಗ್ಗ ಕಟ್ಟಿ, ಹಳೆಯ ಚಾದರವೊಂದನ್ನು ಅದರ ಮೇಲೆ ಹಾಕಿ ಇಳಿಬಿಟ್ಟ. ಈ ಕಡೆ ಬರಿಮೈಯಲ್ಲಿ, ಕೊರಳಿಗೆ ಅಯ್ಯಪ್ಪನ ಮಾಲೆ ಹಾಕಿಕೊಂಡ ತಾನು ಕೂತ. ಹಿತ್ತಲ ಬಾಗಿಲಿನಿಂದ ಬಂದ ಹೆಂಡತಿ ಪ್ರಶಾಂತಿ ಆ ಕಡೆ ಕೂತಳು.

“ಇದೇನ್ರೀ ಇದು? ನಾನೇನು ಹುಲಿಯೇನು, ಕರಡಿಯೇನು?” ಚಾದರದ ಆಚೆಯಿಂದ ದನಿ ಬಂತು.

“ತಪ್ಪು ತಿಳೀಬ್ಯಾಡ್ರಿ ಮಾತಾ. ಇನ್ನ ಮೂರೇ ದಿನ ಉಳದಾವ.”

ಮದುವೆಯಾಗಿ ಎರಡೇ ವರ್ಷದ ಹೆಂಡತಿಗೆ ಮಾತಾ ಅನ್ನುವಾಗ ಪಾಪ, ಅವನ ನಾಲಿಗೆ ಈಗಲೂ ತೊಡರುತ್ತಿತ್ತು. ಏನು ಮಾಡುವುದು, ಮಾಲೆ ಹಾಕಿದವನು ನಲವತ್ತೊಂದು ದಿನ ಬ್ರಹ್ಮಚಾರಿ, ಹೆಂಗಸರೆಲ್ಲ ತಾಯಂದಿರು. ಹೋದ ವರ್ಷವೂ ಮಾಲೆ ಹಾಕಿದ್ದ. ಹತ್ತೊಂಬತ್ತನೇ ದಿನಕ್ಕೇ ತೆಗೆದು ಗುರುಸ್ವಾಮಿಯ ಕೈಗೆ ಕೊಟ್ಟು, ಜ್ವರ ಬಂದಿದೆ ಅಂದಿದ್ದ. ಗದ್ವಾಲದ ನೇಕಾರರ ಓಣಿಯಲ್ಲಿ ಅದನ್ನು ನಂಬುವ ದಡ್ಡರು ಯಾರೂ ಇರಲಿಲ್ಲ. ವರ್ಷವಿಡೀ ಕಂಡಕಂಡವರೆಲ್ಲ “ಜ್ವರ ಹೆಂಗೈತ್ರೀ ಸ್ವಾಮಿ?” ಎಂದು ಕೇಳಿ ಕೇಳಿ ಅವನ ಮಾನ ತೆಗೆದಿದ್ದರು. ಈ ಸಲ ಸತ್ತರೂ ಸರಿ, ನಲವತ್ತೊಂದು ದಿನ ಮುಗಿಸಿಯೇ ಬೆಟ್ಟ ಹತ್ತುವುದೆಂದು ಹಟ ತೊಟ್ಟಿದ್ದ.

ಆದರೆ ಗದ್ವಾಲ ಸೀರೆಗೆ ವ್ರತಗಿತ ಏನೂ ಗೊತ್ತಿಲ್ಲ. ಅದರ ಮೈ ಹತ್ತಿ, ಅಂಚು ರೇಷ್ಮೆ. ಎರಡನ್ನೂ ಎಳೆಎಳೆಯಾಗಿ ಕೂಡಿಸಿ ನೇಯಬೇಕಾದರೆ ಒಂದೇ ಮಗ್ಗಕ್ಕೆ ಇಬ್ಬರು ಕೂಡಬೇಕು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಮೂವತ್ತೇಳು ದಿನ ಪಕ್ಕದ ಮನೆಯ ಬುಚ್ಚಮ್ಮತ್ತೆ ಬಂದು ಕೂತಿದ್ದಳು. ಎಪ್ಪತ್ತು ವರ್ಷದ ಆಕೆ ತಂಬಾಕು ಜಗಿಯುತ್ತ ಪಕ್ಕದಲ್ಲಿದ್ದರೆ ಯಾವ ವ್ರತಕ್ಕೂ ಅಪಾಯವಿರಲಿಲ್ಲ. ನಿನ್ನೆ ಆಕೆ ಮೊಮ್ಮಗಳ ಬಾಣಂತನಕ್ಕೆ ಗಟ್ಟು ಎಂಬ ಊರಿಗೆ ಹೋಗಿಬಿಟ್ಟಳು. ಬೆಟ್ಟಕ್ಕೆ ಹೊರಡುವುದರೊಳಗೆ ಸೀರೆ ಮಗ್ಗದಿಂದ ಇಳಿಯಲೇಬೇಕು.

ಚಾದರವೇನೋ ಚೆನ್ನಾಗಿಯೇ ಇತ್ತು. ತೊಂದರೆಯೆಂದರೆ ಲಾಳಿ ದಾಟಿಸುವುದಕ್ಕೆ ಕೆಳಗೆ ಒಂದು ಗೇಣು ಸಂದು ಬಿಟ್ಟಿದ್ದ. ಆ ಸಂದಿನಿಂದ ಒಂದು ಕೈ ಬರುತ್ತಿತ್ತು, ಹೋಗುತ್ತಿತ್ತು. ಹಸಿರು ಬಳೆ, ಮಣಿಕಟ್ಟಿನ ಮೇಲೆ ಎಳ್ಳಿನಷ್ಟು ಮಚ್ಚೆ. ಎರಡು ವರ್ಷ ಇಡೀ ಹೆಂಡತಿಯನ್ನೇ ನೋಡಿದವನು ಆ ಮಚ್ಚೆಯನ್ನು ನೋಡಿರಲೇ ಇಲ್ಲ! ಕಣ್ಣು ಮುಚ್ಚಿದ. ಬಳೆ ಸದ್ದು ಮಾಡಿತು. ಜೋರಾಗಿ ಶರಣು ಕೂಗಿದ. ಬಳೆ ಇನ್ನೂ ಜೋರಾಗಿ ಕೇಳಿಸಿತು. ಲಾಳಿ ಮೂರು ಸಲ ಕೈಜಾರಿ ಬಿತ್ತು, ಅಂಚಿನ ಎಳೆ ಎರಡು ಕಡೆ ತಪ್ಪಿತು. ಕೊನೆಗೆ ಎದ್ದು, ತಲೆ ತಗ್ಗಿಸಿಕೊಂಡೇ ಬರಿಗಾಲಲ್ಲಿ ಗುರುಸ್ವಾಮಿ ಶ್ರೀರಾಮುಲು ಅವರ ಕಿರಾಣಿ ಅಂಗಡಿಗೆ ಓಡಿದ.

“ಗುರುಸ್ವಾಮಿ, ಕೆಟ್ಟೆನ್ರೀ! ಒಂದು ಕೈ ಕಾಡಾಕ ಹತ್ತೈತಿ.”

“ಯಾರ ಕೈ ಸ್ವಾಮಿ?” ಶ್ರೀರಾಮುಲು ಗಾಬರಿಯಾದರು.

“ನಮ್ಮ ಮನ್ಯಾಗಿನ ಮಾತಾನ ಕೈ.”

ಇಪ್ಪತ್ತೆರಡು ಸಲ ಬೆಟ್ಟ ಹತ್ತಿ ಇಳಿದ ಶ್ರೀರಾಮುಲು ಅವನ ಜೊತೆಗೇ ಬಂದರು. ಚಾದರ ನೋಡಿ ಹಣೆ ಬಡಿದುಕೊಂಡರು. “ಅಯ್ಯೋ ರಾಮಾ! ಮುಚ್ಚಿಟ್ರ ಮನಸ್ಸು ಅಲ್ಲೇ ಹೋಗಿ ಕುಂದರ್ತೈತಿ ಸ್ವಾಮಿ. ಎದುರಿಗಿಟ್ಟುಕೊಂಡು ಗೆಲ್ಲಬೇಕು!” ಎಂದು ತಾವೇ ಅದನ್ನು ಎಳೆದುಹಾಕಿದರು.

ಆಚೆ ಪ್ರಶಾಂತಿ ಕೂತಿದ್ದಳು. ತಲೆತುಂಬ ಮದರಂಗಿ ಮೆತ್ತಿ ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದಳು. ಮುಖಕ್ಕೆ ಬಳಿದ ಕಡಲೆಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ನೈಟಿಯ ಮೇಲೆ ಗಂಡನ ತೂತುಬಿದ್ದ ಸ್ವೆಟರ್, ಬಾಯಿತುಂಬ ಶೇಂಗಾ.

ಭಾನುಪ್ರಕಾಶ ಒಂದು ಗಳಿಗೆ ನೋಡಿದ. ಅವನ ಮೈಯೆಲ್ಲ ತಣ್ಣಗಾಯಿತು. “ಉಳೀತ್ರೀ ಗುರುಸ್ವಾಮಿ! ನನ್ನ ವ್ರತ ಉಳೀತು! ಈಗ ಏನಂದ್ರ ಏನೂ ಅನಸವಲ್ದು!” ಎಂದು ಖುಷಿಯಿಂದ ಕುಣಿದೇಬಿಟ್ಟ.

“ಸ್ವಾಮಿ, ಅದನ್ನ ಬಾಯಿಬಿಟ್ಟು ಹೇಳಬಾರದಿತ್ತು,” ಎಂದರು ಶ್ರೀರಾಮುಲು ಮೆಲ್ಲಗೆ. ಅವರಿಗೆ ಮದುವೆಯಾಗಿ ನಲವತ್ತು ವರ್ಷ.

ಪ್ರಶಾಂತಿ ಲಾಳಿ ಕೆಳಗಿಟ್ಟಳು. ಬಾಯಲ್ಲಿದ್ದ ಶೇಂಗಾ ನಿಧಾನವಾಗಿ ನುಂಗಿದಳು.

“ಏನೂ ಅನಸವಲ್ದಾ? ಚಲೋ ಆತು. ಇದಕ್ಕಂತನ ನಸುಕಿನ್ಯಾಗ ಎದ್ದು ಈ ಅವತಾರ ಮಾಡ್ಕೊಂಡು ಕುಂತೀನಿ. ಹೋದ ವರ್ಷ ವ್ರತ ಕೆಟ್ಟಿದ್ದು ನಿಮ್ಮೊಬ್ಬರಿಂದನ ಅನ್ಕೊಂಡೀರೇನ್ರಿ?”

“ಅಂದ್ರ?” ಭಾನುಪ್ರಕಾಶ ಬಾಯಿ ತೆರೆದ.

ಶ್ರೀರಾಮುಲು ಅಂಗಡಿಯಲ್ಲಿ ಯಾರೋ ಕರೆದಂತಾಯಿತೆಂದು ಬಾಗಿಲ ಕಡೆ ತಿರುಗಿದರು. ಅಂಗಡಿ ಎರಡು ಓಣಿ ಆಚೆ ಇತ್ತು.

“ಮೂವತ್ತೆಂಟು ದಿನದಿಂದ ನಂದೂ ವ್ರತನ ಐತಿ. ಕೊಳ್ಳಾಗ ಮಾಲಿ ಇಲ್ಲ, ಸ್ವಾಮಿ ಅಂತ ಯಾರೂ ಕಾಲಿಗೆ ಬೀಳೂದಿಲ್ಲ, ಅಷ್ಟ ಫರಕು. ನೀವು ಕಣ್ಣು ಮುಚ್ಚಿ ಶರಣು ಕೂಗ್ತೀರಿ, ನಾ ಏನು ಕೂಗಲಿ? ಗಡ್ಡ ಬಿಟ್ಕೊಂಡು, ಎದಿತುಂಬ ಗಂಧ ಬಳ್ಕೊಂಡು ಮನಿತುಂಬ ಅಡ್ಡಾಡ್ತೀರಿ. ನನ್ನ ಕಷ್ಟ ಯಾರರ ಕೇಳೀರೇನ್ರೀ?”

ಒಣಗಿದ ಕಡಲೆಹಿಟ್ಟಿನ ಆಚೀಚೆ ಅವಳ ಕಿವಿಗಳು ಕೆಂಪಾದವು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಮತ್ತೆ ಲಾಳಿ ಕೈಗೆ ತಗೊಂಡು ಹೇಳಿದಳು:

“ಮೊದಲು ಎದ್ದು ಹೋಗಿ ಒಂದು ಅಂಗಿ ಹಾಕ್ಕೊಂಡು ಬರ್ರಿ.”